ಓ-1ಎ ವೀಸಾ: ಕಡತ ಜೋಡಿಸಿದ ಬಗೆ

ಅಸಾಧಾರಣ ಸಾಮರ್ಥ್ಯ ಇರುವವರಿಗೆ ಅಮೆರಿಕ ಕೊಡುವ ಓ-1ಎ ಎಂಬ ಕೆಲಸದ ವೀಸಾಕ್ಕೆ, ಸಾಫ್ಟ್‌ವೇರ್ ಮಂದಿ ಹೆಚ್ಚಾಗಿ ಹೋಗುವ ಎಚ್-1ಬಿ ಕೆಲಸದ ವೀಸಾದ ಹಾಗೆ ಲಾಟರಿ ಇಲ್ಲ, ವಾರ್ಷಿಕ ಮಿತಿ ಇಲ್ಲ, ಆರು ವರ್ಷದ ಗಡಿಯೂ ಇಲ್ಲ. ಹೊಸ ಎಚ್-1ಬಿ ಅರ್ಜಿಗಳ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಸಾಫ್ಟ್‌ವೇರ್ ಮಂದಿಯ ಕಣ್ಣು ಇತ್ತ ತಿರುಗಿದೆ. ನಾನೂ ಅದೇ ವೃತ್ತಿಯವನು. ಸಾಕ್ಷ್ಯಗಳ ಕಡತವನ್ನು ನಾನೇ ಜೋಡಿಸಿದೆ. ಆದರೆ ಈ ವೀಸಾಕ್ಕೆ ಮೊದಲು ಹಾಕಬೇಕಾದ ಐ-129 ಅರ್ಜಿಯನ್ನು ನಮ್ಮ ಹೆಸರಲ್ಲಿ ನಾವೇ ಹಾಕುವಂತಿಲ್ಲ, ಅಮೆರಿಕದ ಉದ್ಯೋಗದಾತ ಅಥವಾ ಏಜೆಂಟ್ ಹಾಕಬೇಕು.

ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿ ಇಲ್ಲದವರು ಎಂಟು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಮುಟ್ಟಬೇಕು: ಪ್ರಶಸ್ತಿ, ಆಯ್ದ ಸಂಘಗಳ ಸದಸ್ಯತ್ವ, ನಮ್ಮ ಬಗ್ಗೆ ಬಂದ ಬರಹ, ಬೇರೆಯವರ ಕೆಲಸದ ಮೌಲ್ಯಮಾಪನ, ಮಹತ್ವದ ಮೂಲ ಕೊಡುಗೆ, ವಿದ್ವತ್ ಲೇಖನ, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಹೆಚ್ಚಿನ ಸಂಬಳ. ನಾನು ಹಿಡಿದದ್ದು ನಾಲ್ಕು. ಒಂದು ಬಿದ್ದರೂ ಮೂರು ನಿಲ್ಲಲಿ ಎಂಬ ಲೆಕ್ಕ. ಎಂಟನ್ನೂ ತುಂಬಲು ಹೋದರೆ ಬಡಕಲು ಸಾಕ್ಷ್ಯ ಗಟ್ಟಿಯಾದದ್ದನ್ನೂ ಕೆಳಗೆಳೆಯುತ್ತದೆ. ಮೂರು ಮುಟ್ಟಿದರೆ ಮುಗಿಯಿತು ಅಂತಲೂ ಅಲ್ಲ. ಕ್ಷೇತ್ರದ ತುದಿಯಲ್ಲಿರುವ ಕೆಲವೇ ಜನರಲ್ಲಿ ಒಬ್ಬರೇ ಎಂದು ಅಮೆರಿಕದ ವಲಸೆ ಅಧಿಕಾರಿ ಕಡತವನ್ನು ಒಟ್ಟಾಗಿಯೂ ತೂಗುತ್ತಾರೆ.

ಮೌಲ್ಯಮಾಪನ ಎಲ್ಲಕ್ಕಿಂತ ಸುಲಭ, ಎಡವುವುದೂ ಇಲ್ಲೇ. ಆಹ್ವಾನದ ಇಮೇಲ್ ಸಾಲದು. ಪ್ರಬಂಧವನ್ನು ನಿಜಕ್ಕೂ ಪರಿಶೀಲಿಸಿ ವರದಿ ಕೊಟ್ಟಿದ್ದೀರಿ ಎಂಬುದಕ್ಕೆ ಸಂಪಾದಕರ ದೃಢೀಕರಣ ಬೇಕು. ಸದಸ್ಯತ್ವದಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇಯ ಫೆಲೋ ಆಗಿದ್ದರೆ ಸರಿ. ಸೀನಿಯರ್ ಮೆಂಬರ್ ಎಂಬುದನ್ನು ನಾನು ನೆಚ್ಚಲಿಲ್ಲ, ಅದರಲ್ಲಿ ಅನುಭವದ ವರ್ಷಗಳ ಪಾಲು ದೊಡ್ಡದು. ದುಡ್ಡು ಕಟ್ಟಿಸಿಕೊಂಡು ‘ಗ್ಲೋಬಲ್’ ಪ್ರಶಸ್ತಿ ಕೊಡುವವರಿಂದಲೂ ದೂರವಿರಿ, ಅಂಥದ್ದು ಕಂಡರೆ ಉಳಿದ ಪುಟಗಳ ಮೇಲೂ ಅನುಮಾನ ಬರುತ್ತದೆ.

ಸಂಬಳದ ವಿಷಯದಲ್ಲಿ ಬಹಳ ಜನ ರೂಪಾಯಿಯನ್ನು ಡಾಲರಿಗೆ ಬದಲಿಸಿ ಕಂಗೆಡುತ್ತಾರೆ. ಬೇಕಿಲ್ಲ. ಬೆಂಗಳೂರಿನಲ್ಲಿ ಗಳಿಸಿದ್ದನ್ನು ಇಲ್ಲಿಯ ಅದೇ ಹುದ್ದೆಯ ಸಂಬಳದ ಜೊತೆ ಹೋಲಿಸಬೇಕು. ಫಾರಂ 16 ಮತ್ತು ಆದಾಯ ತೆರಿಗೆ ರಿಟರ್ನ್ ಆಧಾರ. ಅಮೆರಿಕದಲ್ಲಿ ಮುಂದೆ ಸಿಗಲಿರುವ ಸಂಬಳವೂ ನಡೆಯುತ್ತದೆ, ಒಪ್ಪಂದದಲ್ಲಿ ಅಂಕಿ ಇರಬೇಕು, ಅಲ್ಲಿನ ಕಾರ್ಮಿಕ ಇಲಾಖೆಯ ವೇತನ ಅಂಕಿಅಂಶದಿಂದ ಅದೇ ಊರು, ಅದೇ ಹುದ್ದೆಯ ಹೋಲಿಕೆ ಜೊತೆಗಿರಬೇಕು.

ಕಷ್ಟದ್ದು ಮೂಲ ಕೊಡುಗೆ. ಪೇಟೆಂಟ್ ಇದ್ದರೆ ಹೊಸತನ ಸಾಬೀತಾಗುತ್ತದೆ, ಮಹತ್ವ ಆಗುವುದಿಲ್ಲ. ಯಾರು ಬೇಕಾದರೂ ಬಳಸಬಹುದಾದ ನಮ್ಮ ಓಪನ್ ಸೋರ್ಸ್ ಕೋಡ್ ಲೈಬ್ರರಿಗೆ ಮೆಚ್ಚುಗೆಯಾಗಿ ಬಿದ್ದ ಸ್ಟಾರ್‌ಗಳ ಎಣಿಕೆಗಿಂತ, ನಮಗೆ ಯಾವ ನಂಟೂ ಇಲ್ಲದ ಕಂಪನಿಯೊಂದು ‘ಇದನ್ನು ಇಂಥ ಉತ್ಪನ್ನದಲ್ಲಿ ಬಳಸುತ್ತಿದ್ದೇವೆ, ಇದರಿಂದ ಇಷ್ಟು ಉಳಿಯಿತು’ ಎಂದು ಬರೆದ ಒಂದು ಪುಟ ಹೆಚ್ಚು ತೂಗುತ್ತದೆ. ಶಿಫಾರಸು ಪತ್ರಗಳಿಗೂ ಇದೇ ಮಾತು. ಹಳೆಯ ಮ್ಯಾನೇಜರ್ ನಿರ್ಣಾಯಕ ಪಾತ್ರಕ್ಕೆ ಸರಿಯಾದ ಸಾಕ್ಷಿ, ಏಕೆಂದರೆ ಆತ ಕಣ್ಣಾರೆ ಕಂಡವನು. ಕೊಡುಗೆಯ ಮಹತ್ವ ಹೇಳಲು ಮಾತ್ರ ನಮ್ಮ ಕೆಲಸದ ಮೂಲಕವಷ್ಟೇ ನಮ್ಮನ್ನು ಬಲ್ಲ ಹೊರಗಿನವರೇ ಬೇಕು. ನಾನು ಯಾರಿಗೂ ಸಿದ್ಧ ಪತ್ರ ಕಳಿಸಲಿಲ್ಲ, ಘಟನೆ ಮತ್ತು ಅಂಕಿಗಳ ಟಿಪ್ಪಣಿ ಮಾತ್ರ ಕೊಟ್ಟೆ. ಎಲ್ಲ ಪತ್ರಗಳಲ್ಲೂ ಒಂದೇ ವಾಕ್ಯ ಮರುಕಳಿಸಿದರೆ ಬರೆದ ಕೈ ಒಂದೇ ಎಂದು ಅಧಿಕಾರಿಗೆ ತಿಳಿಯುತ್ತದೆ. ಪತ್ರದ ಪ್ರತಿ ಮಾತಿಗೂ ಕಡತದಲ್ಲಿ ಒಂದು ದಾಖಲೆಯ ಸಂಖ್ಯೆ ಇರಲಿ. ಬರೀ ಹೊಗಳಿಕೆಗೆ ಇಲ್ಲಿ ಬೆಲೆಯಿಲ್ಲ.

ಕನ್ನಡ ಪತ್ರಿಕೆಯಲ್ಲಿ ಬಂದ ಬರಹವನ್ನೂ ಕೊಡಬಹುದು. ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಕಾಣಬೇಕು. ಜೊತೆಗೆ ಪೂರ್ತಿ ಇಂಗ್ಲಿಷ್ ಅನುವಾದ. ಅದು ಸಮಗ್ರ ಮತ್ತು ಸರಿ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಬೇಕು. ನೋಟರಿ ಬೇಕಿಲ್ಲ. ಬರಹ ನಿಮ್ಮ ಮತ್ತು ನಿಮ್ಮ ಕೆಲಸದ ಬಗ್ಗೆಯೇ ಇರಬೇಕು, ಕಂಪನಿಯ ಸುದ್ದಿಯಲ್ಲಿ ಒಂದು ಸಾಲು ಹೆಸರು ಬಂದರೆ ಲೆಕ್ಕಕ್ಕಿಲ್ಲ.

ಇವುಗಳ ಜೊತೆ ಒಪ್ಪಂದ, ಕೆಲಸದ ಆರಂಭ–ಅಂತ್ಯದ ವಿವರ, ಕ್ಷೇತ್ರದ ಸಂಘ ಅಥವಾ ತಜ್ಞರ ಸಲಹಾ ಪತ್ರ ಸೇರಬೇಕು. ಸಲಹಾ ಪತ್ರ ಶಿಫಾರಸು ಪತ್ರವಲ್ಲ: ನಿಮ್ಮ ಸಾಧನೆ, ಹುದ್ದೆಯ ಕೆಲಸ, ಆ ಹುದ್ದೆಗೆ ಅಸಾಧಾರಣ ಸಾಮರ್ಥ್ಯ ಬೇಕೇ ಎಂಬ ಮೂರನ್ನೂ ಅದು ಹೇಳಬೇಕು. ಅರ್ಜಿಯನ್ನು ಕೆಲಸ ಶುರುವಾಗುವ ಒಂದು ವರ್ಷಕ್ಕಿಂತ ಮೊದಲು ಹಾಕುವಂತಿಲ್ಲ. ಬೇಗ ಪರಿಶೀಲಿಸಲೆಂದು ಪ್ರೀಮಿಯಂ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ, ಆದರೆ ಆ ಉತ್ತರ ಹೆಚ್ಚಿನ ಸಾಕ್ಷ್ಯ ಕೇಳುವ ಪತ್ರವೂ ಆಗಿರಬಹುದು. ಅದಕ್ಕೆ ಒಂದೇ ಸಲ, ಎಲ್ಲವನ್ನೂ ಸೇರಿಸಿ ಉತ್ತರಿಸಬೇಕು. ಬಿಡಿಬಿಡಿಯಾಗಿ ಕಳಿಸಿದರೆ ಮೊದಲನೆಯದನ್ನೇ ಪೂರ್ತಿ ಉತ್ತರವೆಂದು ಎಣಿಸುತ್ತಾರೆ.

ಮಂಜೂರಾತಿ ಮೊದಲಿಗೆ ಗರಿಷ್ಠ ಮೂರು ವರ್ಷಕ್ಕೆ. ಆಮೇಲೆ ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ, 205 ಡಾಲರ್ ಕಟ್ಟಿ, ಕಾನ್ಸುಲೇಟ್ ಸಂದರ್ಶನ. ಅಲ್ಲಿ ಕೆಲಸವನ್ನು ಸಾಮಾನ್ಯರಿಗೆ ತಿಳಿಯುವಂತೆ ಎರಡು ವಾಕ್ಯದಲ್ಲಿ ಹೇಳಲು ಬಂದರೆ ಸಾಕು. ಹೊರಡುವ ಮುನ್ನ ಮನೆಯಲ್ಲಿ ಒಂದು ಮಾತು ಆಗಲಿ: ಸಂಗಾತಿಗೆ ಸಿಗುವ ಓ-3ಯಲ್ಲಿ ಓದಬಹುದು, ಕೆಲಸ ಮಾಡುವಂತಿಲ್ಲ. ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4ರಲ್ಲಿ ಕೆಲಸದ ಪರವಾನಗಿ ಪಡೆದಿರುವವರು ಓ-3ಗೆ ಬದಲಾದರೆ ಅದನ್ನು ಕಳೆದುಕೊಳ್ಳುತ್ತಾರೆ.