ಥಾಯ್ ಕರ್ರಿ ಹೇಳುವ ಮುನ್ನ ಸಾಸಿನ ಬಾಟಲಿ ನೋಡಿರಿ

ಕಲಬುರಗಿಯ ನಮ್ಮ ಬಡಾವಣೆಯಲ್ಲಿರುವ, ಆರೇ ಮೇಜುಗಳ ಏಷ್ಯನ್ ಫ್ಯೂಷನ್ ಹೋಟೆಲಿಗೆ ಕಳೆದ ಶ್ರಾವಣದಲ್ಲಿ ಮನೆಯವರೊಂದಿಗೆ ಹೋಗಿದ್ದಾಗ, ಮೆನುವಿನಲ್ಲಿ ಹಸಿರು ಚುಕ್ಕೆಯಿದ್ದ ಥಾಯ್ ರೆಡ್ ಕರ್ರಿಯನ್ನು ಅರ್ಧ ಬಟ್ಟಲು ಮುಗಿಸಿದ ಮೇಲೆ ಅದರ ಪೇಸ್ಟಿನಲ್ಲಿ ಸೀಗಡಿ ಇರುವುದು ತಿಳಿಯಿತು. ಅಮ್ಮ ಮಾತಿಲ್ಲದೆ ಚಮಚ ಕೆಳಗಿಟ್ಟರು.

ಹೋಟೆಲಿನವರು ಮೋಸ ಮಾಡಿದರೆಂದು ನನಗೆ ಅನ್ನಿಸುವುದಿಲ್ಲ. ತರಕಾರಿ ಹಾಕಿದರೆ ಸಸ್ಯಾಹಾರವೆಂದು ಅಡುಗೆಯವರು ತಿಳಿದಿದ್ದರು, ಅಷ್ಟೆ. ಸಾಂಪ್ರದಾಯಿಕ ಥಾಯ್ ಕರ್ರಿ ಪೇಸ್ಟಿಗೆ ಹುದುಗಿಸಿದ ಸೀಗಡಿಯನ್ನು ಅರೆದು ಸೇರಿಸುತ್ತಾರೆ, ಫಿಶ್ ಸಾಸ್ ಎಂಬುದು ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ, ಮತ್ತು ಎಲೆಕೋಸಿನ ಉಪ್ಪಿನಕಾಯಿಯಂತೆ ಕಾಣುವ ಕಿಮ್ಚಿಯಲ್ಲೂ ಇವೆರಡರಲ್ಲಿ ಒಂದಾದರೂ ಇರುವುದು ಸಾಮಾನ್ಯ. ಆದ್ದರಿಂದ 'ವೆಜ್ ಇದೆಯೇ' ಎಂದು ಕೇಳುವ ಬದಲು ಬಾಟಲಿಯನ್ನೇ ತೋರಿಸುವಂತೆ ವಿನಂತಿಸಿರಿ: ಹಸಿರು ವೃತ್ತವಿದ್ದರೆ ಸಸ್ಯಾಹಾರ, ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಚಿಕ್ಕ ಹೋಟೆಲಿನಲ್ಲಿ ಅಡುಗೆಮನೆ ನಾಲ್ಕು ಹೆಜ್ಜೆ ದೂರದಲ್ಲಿರುವುದರಿಂದ ಯಾರೂ ಬೇಸರಿಸುವುದಿಲ್ಲ.

ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಸಾಟೇ ಜೊತೆಗಿನ ಸಾಸ್ ಶೇಂಗಾದ್ದು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಬೆಳೆದ ನಮಗೆ ಅದು ಹಿತವೇ ಆದರೂ, ಅಲರ್ಜಿಯಿರುವ ಅತಿಥಿಗಳಿದ್ದರೆ ಮೊದಲೇ ಹೇಳಬೇಕು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಉಪ್ಪಂತೂ ಧಾರಾಳ. ರುಚಿ ನೋಡದೆ ಮತ್ತಷ್ಟು ಸುರಿದುಕೊಳ್ಳಬೇಡಿರಿ.

ಒಂದೇ ಬಾಣಲೆಯಲ್ಲಿ ಜೋರು ಉರಿಯ ಮೇಲೆ ಸರದಿಯಂತೆ ಹುರಿಯುವುದರಿಂದ, ಭಾನುವಾರ ರಾತ್ರಿ ಎಂಟಕ್ಕೆ ಹೋದರೆ ಕಾಯಬೇಕಾಗುತ್ತದೆ. ಏಳಕ್ಕೇ ಹೋಗಿ, ಸೂಪ್ ಮುಗಿಯುತ್ತಾ ಬಂದಾಗ ನೂಡಲ್ಸ್ ಹೇಳಿದರೆ ಅದು ಬಿಸಿಯಾಗಿಯೇ ಮೇಜಿಗೆ ಬರುತ್ತದೆ.