ಸಭೆ ಕಲಿಯುವವರದು, ಮೇಷ್ಟ್ರು ಹಿಂದಿನ ಸಾಲಿಗೆ

‘ನೀವೇ ಸಭೆ ನಡೆಸಿ’ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಕಾರ್ಯಸೂಚಿಯನ್ನು ತಾವೇ ಬರೆದುಕೊಡುವ ಶಿಕ್ಷಕರಿಗೇನೂ ಬರವಿಲ್ಲ. ಕೊನೆಗೆ ವಿದ್ಯಾರ್ಥಿಗಳ ಪಾಲಿಗೆ ಉಳಿಯುವುದು ಸ್ವಾಗತ ಮತ್ತು ವಂದನಾರ್ಪಣೆ. ಹಾಗಾಗಬಾರದೆಂದರೆ ಹೀಗೆ ಮಾಡಿ.

ಹಂತ 1: ತಂಡ
ಸಭೆ ನಡೆಸಲು ನಾಲ್ಕೈದು ವಿದ್ಯಾರ್ಥಿಗಳು ಸಾಕು. ಬರೀ ಮಾತುಗಾರರನ್ನೇ ಆರಿಸಬೇಡಿ.

ಹಂತ 2: ಪ್ರಶ್ನೆ
ಸಭೆ ಕೆಡುವುದು ಇಲ್ಲೇ. ತಂಡ ಮೊದಲು ತರುವುದು ಪ್ರಶ್ನೆಯನ್ನಲ್ಲ, ಪ್ರಬಂಧದ ತಲೆಬರಹವನ್ನು: ‘ಗ್ರಂಥಾಲಯದ ಮಹತ್ವ’. ಅದರಿಂದ ಭಾಷಣ ಹುಟ್ಟುತ್ತದೆ, ಚರ್ಚೆ ಹುಟ್ಟುವುದಿಲ್ಲ. ‘ಗ್ರಂಥಾಲಯ ಬೇಕೇ?’ ಎಂದರೆ ‘ಬೇಕು’ ಎನ್ನುವಲ್ಲಿಗೆ ಮುಗಿಯಿತು. ‘ನಾವೇಕೆ ಓದುತ್ತಿಲ್ಲ?’ ಎಂಬುದರಲ್ಲಿ ಆಗಲೇ ಗದರಿಕೆಯಿದೆ. ಕೇಳಿದವರು ತಲೆ ತಗ್ಗಿಸುತ್ತಾರೆ. ‘ದಿನಕ್ಕೊಂದು ಗಂಟೆ ಗ್ರಂಥಾಲಯ ನಮ್ಮ ಕೈಗೆ ಬಂದರೆ ಅಲ್ಲಿ ಏನೇನು ಮಾಡಬಹುದು?’ ಎಂದು ಕೇಳಿ ನೋಡಿ, ಹಿಂದೆ ಕೂತವರೂ ಬಾಯಿ ಬಿಡುತ್ತಾರೆ.

ಬರೆದ ಪ್ರಶ್ನೆಯನ್ನು ತಂಡದ ಹೊರಗಿನ ಮೂವರಿಗೆ ಕೇಳಿಸಿ. ಮೂವರದೂ ಒಂದೇ ಉತ್ತರವಾದರೆ ತಿದ್ದಿ. ‘ಅಂದರೆ ಏನು?’ ಎಂದು ತಿರುಗಿ ಕೇಳಿದರೆ ಮಾತು ಸರಳವಾಗಬೇಕು. ನೀವು ಮಾತ್ರ ಪೆನ್ನು ಮುಟ್ಟಬೇಡಿ. ‘ಇದರ ಉತ್ತರ ನಿಮಗೆ ಈಗಲೇ ಗೊತ್ತಿದೆಯೇ?’ ಎಂದಷ್ಟೇ ಕೇಳಿ ಸುಮ್ಮನಾಗಿ. ಗೊತ್ತಿದ್ದರೆ ಅದು ಪರೀಕ್ಷೆಯ ಪ್ರಶ್ನೆ. ಒಂದಿಡೀ ತರಗತಿ ಇದಕ್ಕೇ ಹೋದರೂ ಹೋಗಲಿ.

ಹಂತ 3: ವಿಧಾನ
ಮೊದಲ ಸಲಕ್ಕೆ ‘1-2-4-ಎಲ್ಲರೂ’ ವಿಧಾನವೇ ಇರಲಿ: ಒಬ್ಬೊಬ್ಬರೇ 1 ನಿಮಿಷ ಯೋಚಿಸಿ, ಜೋಡಿಯಾಗಿ 2 ನಿಮಿಷ, ನಾಲ್ವರು ಸೇರಿ 4 ನಿಮಿಷ, ಎಲ್ಲರೂ ಕೂಡಿ 5 ನಿಮಿಷ. ಸಂಕೋಚದವರಿಗೂ ಮಾತಿನ ಸರದಿ ಸಿಗುತ್ತದೆ. ನಾಲ್ಕೈದು ಜನರ ಮೇಜುಗಳಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಜಾಗ ಬದಲಿಸುವ ‘ವರ್ಲ್ಡ್ ಕೆಫೆ’ ಆಮೇಲೆ. ಕಾರ್ಯಸೂಚಿಯನ್ನು ಬಂದವರೇ ಅಲ್ಲೇ ಕಟ್ಟಿಕೊಳ್ಳುವ, 1985ರಲ್ಲಿ ಹ್ಯಾರಿಸನ್ ಓವನ್ ಶುರುಮಾಡಿದ ‘ಓಪನ್ ಸ್ಪೇಸ್’ ಕೈ ಪಳಗಿದ ತಂಡಕ್ಕೆ. ಅಂದಹಾಗೆ, ‘ಮೈಚಳಿ ಬಿಡಿಸುವ’ ಆಟಗಳನ್ನು ಕೈಬಿಡಿ. ಅರ್ಧ ಗಂಟೆ ನುಂಗುತ್ತವೆ, ಮಾತಿನ ಚಳಿಯನ್ನಂತೂ ಬಿಡಿಸುವುದಿಲ್ಲ.

ಹಂತ 4: ಜಾಗ
ಕುರ್ಚಿಗಳು ದುಂಡಗೆ, ವೇದಿಕೆ ಬೇಡ. ಅಭಿಪ್ರಾಯ ಬರೆದು ಗೋಡೆಗೆ ಹಚ್ಚಲು ಅಗ್ಗದ ಅಂಟುಚೀಟಿ ತರಬೇಡಿ, ಫ್ಯಾನು ಹಾಕಿದರೆ ಅಭಿಪ್ರಾಯಗಳೆಲ್ಲ ನೆಲಕ್ಕೆ. ಒಳ್ಳೆಯ ಚೀಟಿಯನ್ನೂ ಕಟ್ಟಿನಿಂದ ಬಿಡಿಸುವಾಗ ಕೆಳಗಿನಿಂದ ಮೇಲಕ್ಕೆ ಎಳೆದರೆ ಸುರುಳಿಯಾಗುತ್ತದೆ; ಪಕ್ಕದಿಂದ ಎಳೆಯಬೇಕು. ಬಾಲ್‌ಪೆನ್ ಬೇಡ, ದಪ್ಪ ಮಾರ್ಕರ್ ಇರಲಿ.

ಹಂತ 5: ಆ ದಿನ
ಸಭೆ ನಡೆಸುವ ವಿದ್ಯಾರ್ಥಿಗಳ ಎದುರಿಗೆ ಕೂರಬೇಡಿ, ಅವರು ನಿಮಗೇ ವರದಿ ಒಪ್ಪಿಸತೊಡಗುತ್ತಾರೆ. ಅವರ ಬೆನ್ನ ಹಿಂದೆ, ವೃತ್ತದಾಚೆ ಕೂತುಕೊಳ್ಳಿ. ಮಾತು ನಿಂತಾಗ ಎಲ್ಲರ ಕಣ್ಣೂ ನಿಮ್ಮತ್ತ ಹೊರಳುತ್ತವೆ. ನೋಟ್‌ಪುಸ್ತಕ ನೋಡುತ್ತಿರಿ, ಯಾರಾದರೂ ಬಾಯಿ ತೆರೆದೇ ತೆರೆಯುತ್ತಾರೆ.

ಹಂತ 6: ಮುಗಿಸುವಾಗ
ಯಾರು, ಏನು, ಯಾವಾಗ ಮಾಡುತ್ತಾರೆ ಎಂಬುದು ಎಲ್ಲರೂ ಏಳುವ ಮೊದಲೇ ಗೋಡೆಯ ಮೇಲೆ ಬರಲಿ. ಅಂದೇ ತಂಡ ಕೂತು ಎಲ್ಲಿ ಎಡವಿದೆವೆಂದು ಮಾತಾಡಿಕೊಳ್ಳಲಿ. ಅಲ್ಲೂ ನಿಮ್ಮ ಸರದಿ ಕೊನೆಯದು.