ಹೆಸರು ಬದಲಿಸಿ ಕೊಟ್ಟ ಫಾರ್ಮು ವಾಪಸ್ ಬಂದಾಗ

ಪುಣೆಯ ಪಾಷಾಣ್ ಕಡೆಯ ಒಂದು ರಸಾಯನಶಾಸ್ತ್ರ ಲ್ಯಾಬಿಗೆ ಪಿಎಚ್‌ಡಿಗೆಂದು ಸೇರಿದ ದಿನ ಗೈಡ್ ಹೇಳಿದ ಮೊದಲ ಮಾತು: ರಿಸ್ಕ್ ಅಸೆಸ್‌ಮೆಂಟ್ ಫಾರ್ಮಿಗೆ (ಪ್ರಯೋಗದಲ್ಲಿ ಏನೇನು ಅಪಾಯ, ಹೇಗೆ ತಡೆಯುವುದು ಎಂದು ಬರೆದುಕೊಡುವ ಕಾಗದ) ಸಹಿ ಬೀಳುವತನಕ ಒಂದು ಬಾಟಲಿಯನ್ನೂ ಮುಟ್ಟುವಂತಿಲ್ಲ. ಎಂ.ಎಸ್ಸಿ. ಮಾಡುವಾಗ ಇಂಥ ಕಾಗದವನ್ನೇ ನಾನು ಕಂಡಿರಲಿಲ್ಲ. ಕಲಬುರಗಿಯ ಸೀನಿಯರ್ ಒಬ್ಬರು ತಮ್ಮ ಹಳೇ ಫಾರ್ಮು ಕೊಟ್ಟು, “ಹೆಸರು, ತಾರೀಖು ಬದಲಿ ಮಾಡಿ ಕೊಡವಾ, ಎಲ್ಲಾರೂ ಹಂಗೇ ಮಾಡತಾರ” ಎಂದರು. ಹಾಗೇ ಮಾಡಿದೆ.

ಗೈಡ್ ಓದಿ ಒಂದೇ ಪ್ರಶ್ನೆ ಕೇಳಿದರು: “ರಿಯಾಕ್ಷನ್ ಮುಗಿದ ಮೇಲೆ ಎಕ್ಸ್‌ಟ್ರಾಕ್ಷನ್ ಯಾವುದರಲ್ಲಿ?”

“ಡೈಕ್ಲೋರೊಮೀಥೇನ್, ಸರ್.”

ಫಾರ್ಮು ವಾಪಸ್ ಬಂತು.

ನನ್ನ ಪ್ರಯೋಗ ಸೋಡಿಯಂ ಅಜೈಡ್‌ನದು. ಸೀನಿಯರ್ ಪ್ರಯೋಗದಲ್ಲಿ ಅಜೈಡ್ ಇರಲಿಲ್ಲ, ಹಾಗಾಗಿ ಕೊನೆಗೆ ಬೇಕಾದ ವಸ್ತುವನ್ನು ಬೇರ್ಪಡಿಸಿ ತೆಗೆಯಲು ಅವರಿಗೆ ಆ ದ್ರಾವಕ ಸರಿ. ಅಂದು ಸಂಜೆ ಅಜೈಡ್‌ನ ಎಸ್‌ಡಿಎಸ್, ಅಂದರೆ ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ, ತೆಗೆದು ಕೂತೆ. ಅದರಲ್ಲಿ 16 ವಿಭಾಗಗಳಿರುತ್ತವೆ. ನಾನು ಮೊದಲು ನೋಡುವುದು 10ನೆಯದು: ಯಾವುದರ ಜೊತೆ ಏನು ಸೇರಬಾರದು ಎಂಬುದು ಅಲ್ಲಿರುತ್ತದೆ. ಅಜೈಡ್ ಡೈಕ್ಲೋರೊಮೀಥೇನ್ ಜೊತೆ ಸೇರಿದರೆ ಸಿಡಿಯುವ ಡೈಅಜೈಡೊಮೀಥೇನ್ ಹುಟ್ಟಬಹುದು. ಆಮ್ಲ ಸೋಕಿದರೆ ಹೈಡ್ರಜೋಯಿಕ್ ಆಮ್ಲ ಹುಟ್ಟುತ್ತದೆ. ಅದು ವಿಷವೂ ಹೌದು, ಸ್ಫೋಟಕವೂ ಹೌದು, ಕುದಿಯುವುದು 37 ಡಿಗ್ರಿಯಲ್ಲಿ. ಪುಣೆಯ ಏಪ್ರಿಲ್ ಮಧ್ಯಾಹ್ನ ಹೊರಗಿನ ಬಿಸಿಲೇ ಅದನ್ನು ಮೀರುತ್ತದೆ. ದ್ರಾವಕ ಈಥೈಲ್ ಅಸಿಟೇಟ್ ಆಯಿತು, ಅಜೈಡ್‌ಗೆ ಲೋಹ ತಾಗಬಾರದೆಂದು ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ಕಿನದು ಬಂತು.

ಗ್ಲೌಸ್ ಕಲಂನಲ್ಲಿ ಬರೀ “ಗ್ಲೌಸ್” ಅಂತ ಬರೆದಿದ್ದೆ. ಯಾವ ಗ್ಲೌಸ್? ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಪ್ರೊಫೆಸರ್ ಕೇರನ್ ವೆಟರ್‌ಹಾನ್ ಅವರ ಕೈಮೇಲೆ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಬಿದ್ದವು. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡೇ ಇದ್ದರು. 1997ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಆ ದ್ರವ 15 ಸೆಕೆಂಡಿನೊಳಗೇ ಲೇಟೆಕ್ಸ್ ದಾಟುವುದು ಗೊತ್ತಾಯಿತು. ನಾನು ಬಳಸುವ ಡಿಎಂಎಫ್ ಎಂಬ ದ್ರಾವಕಕ್ಕೆ ತೆಳು ನೈಟ್ರೈಲ್ ಗ್ಲೌಸ್ ತಡೆಯುವುದಿಲ್ಲ, ಬ್ಯುಟೈಲ್ ರಬ್ಬರಿನದು ಬೇಕು. ಫಾರ್ಮಿನಲ್ಲಿ ಅಷ್ಟನ್ನೂ ಬರೆದೆ, ಸ್ಟೋರಿಗೆ ಹೋಗಿ ಇದೆಯೋ ಇಲ್ಲವೋ ನೋಡಿದೆ. ಇರಲಿಲ್ಲ. ತರಿಸಲು ನಾಲ್ಕು ದಿನ ಹಿಡಿಯಿತು.

ಎರಡನೇ ಸಲ ಫಾರ್ಮನ್ನು ಹಾಸ್ಟೆಲ್‌ನಲ್ಲಿ ಕೂತು ಬರೆಯಲಿಲ್ಲ; ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಮುಂದೆ ನಿಂತು ಬರೆದೆ. ಕಣ್ಣಿಗೆ ಏನಾದರೂ ಸಿಡಿದರೆ 15 ನಿಮಿಷ ತೊಳೆಯಬೇಕು, ಕಣ್ಣು ತೊಳೆಯುವ ನಲ್ಲಿಗೆ 10 ಸೆಕೆಂಡಿನಲ್ಲಿ ಮುಟ್ಟುವಂತಿರಬೇಕು. ಗೆಳತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕಣ್ಣು ಮುಚ್ಚಿ ನಡೆದೆ. ಮೂರನೇ ಹೆಜ್ಜೆಗೇ ಕುರ್ಚಿ ತಾಗಿತು, ಅದರಾಚೆ ರಟ್ಟಿನ ಡಬ್ಬಿಗಳು. ಅವನ್ನೆಲ್ಲ ಅಂದೇ ತೆಗೆಸಿದೆವು.

“ಯಾರಿಗೆ ಅಪಾಯ” ಎಂಬಲ್ಲಿ “ನನಗೆ” ಅಂತಷ್ಟೇ ಬರೆದು ನಿಂತಿದ್ದೆ. ಆಗ ಲ್ಯಾಬು ಗುಡಿಸುವ ಅಕ್ಕ ಬಂದರು. ಇಂಡಿ ತಾಲ್ಲೂಕಿನವರು, ಇಲ್ಲಿ ಎಲ್ಲರೊಂದಿಗೂ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. ಬೆಂಚಿನ ಮೇಲಿನ ಖಾಲಿ ಬಾಟಲಿ ತೋರಿಸಿ, “ಮೇಡಂ, ಇದನ್ನ ತೊಳದು ಇಡಲೇನ್ರೀ?” ಎಂದರು. ನನಗೆ ಎದೆ ಧಸಕ್ಕೆಂದಿತು. ನಾಳೆ ಅಲ್ಲಿ ಇರುವುದು ಅಜೈಡ್ ಉಳಿದ ಬಾಟಲಿ. ಅದನ್ನು ಮೋರಿಗೆ ಸುರಿದರೆ ತಾಮ್ರ, ಸೀಸದ ಪೈಪಿನಲ್ಲಿ ಸ್ಫೋಟಕ ಲವಣ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ, ಬಾಟಲಿ ಎತ್ತಿಡುವವರು ಇವರು.

ಫಾರ್ಮಿನಲ್ಲಿ ಅವರನ್ನೂ ಸೇರಿಸಿದೆ. ಅಜೈಡ್ ತ್ಯಾಜ್ಯಕ್ಕೆ ಬೇರೆ ಕ್ಯಾನ್, ಆಮ್ಲದ ಕ್ಯಾನಿನಿಂದ ದೂರ. ಅದರ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ದಪ್ಪಕ್ಷರದ ಚೀಟಿ: ಮುಟ್ಟಬೇಡಿ, ಮೋರಿಗೆ ಸುರಿಯಬೇಡಿ. ಅಕ್ಕಾರಿಗೆ ಓದಿ ತೋರಿಸಲು ಹೋದರೆ ಅವರೇ ಗಟ್ಟಿಯಾಗಿ ಓದಿದರು.

ಒಂಬತ್ತನೇ ದಿನ ಸಹಿ ಬಿತ್ತು. ಮರುವಾರ ಅಕ್ಕ ಪಕ್ಕದ ಹುಡ್‌ನಲ್ಲಿದ್ದ ಒಂದು ಬಾಟಲಿ ತೋರಿಸಿ, “ಇದಕ್ಕ ಚೀಟಿನ ಇಲ್ಲಲ್ರೀ ಮೇಡಂ” ಎಂದರು. ಅದು ಯಾರದು, ಒಳಗೇನಿದೆ ಎಂದು ಪತ್ತೆ ಹಚ್ಚಲು ನಮಗೆ ಎರಡು ದಿನ ಬೇಕಾಯಿತು.